ಬಾಯಿಗೆ ಬಾರದ ಹೆಸರು

ನಮ್ಮ ಮಾವನವರ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು. ಬೈಯುವವರು ಯಾರೂ ಉಳಿದಿಲ್ಲ, ನನಗೇ ಮೊಮ್ಮಕ್ಕಳಿದ್ದಾರೆ. ಆದರೂ ಕೈ ಓಡುವುದಿಲ್ಲ. “ಹೆಸರು ಬರೆದ್ರೆ ಬೆರಳು ಉದುರಿ ಹೋಗುತ್ತಾ ಅಜ್ಜಿ?” ಎಂದು ಮೊಮ್ಮಗಳು ತಮಾಷೆ ಮಾಡುತ್ತಾಳೆ. ಉದುರುವುದಿಲ್ಲ, ನನಗೂ ಗೊತ್ತು. ಆದರೆ ಒಂದು ಹೆಸರನ್ನು ಹೇಳದೆ ಇದ್ದುದರಿಂದ ಒಂದು ಊರಿನಲ್ಲಿ ಏನೇನು ಆಯಿತು ಎಂಬುದನ್ನು ನಾನು ಕಣ್ಣಾರೆ ಕಂಡವಳು. ಅದನ್ನು ಹೇಳಿಬಿಡುತ್ತೇನೆ.

ಕೊಡಗು ಆಗ ತನ್ನ ಪಾಡಿಗೆ ತಾನು ಒಂದು ರಾಜ್ಯ. ಮಂತ್ರಿಗಳೂ ಮಡಿಕೇರಿಯಲ್ಲೇ, ಸರ್ಕಾರವೂ ಮಡಿಕೇರಿಯಲ್ಲೇ. ಶನಿವಾರಸಂತೆಯಿಂದ ಒಳಗೆ, ಹಾಸನದ ಗಡಿಗೆ ಅಂಟಿಕೊಂಡಿದ್ದ ನಮ್ಮೂರಿಗೆ ಆ ಸರ್ಕಾರ ಏನಾದರೂ ಹೇಳಿ ಕಳಿಸಬೇಕಾದರೆ ಸಂತೆಯ ದಿನವೇ ಆಗಬೇಕು. ಹಾಗೆ ಒಂದು ಶನಿವಾರ ಉಪ್ಪು, ಹೊಗೆಸೊಪ್ಪಿನ ಜೊತೆ ಬಂದ ಸುದ್ದಿ: ಸಣ್ಣಪುಟ್ಟ ವ್ಯಾಜ್ಯಗಳಿಗೆ ಇನ್ನು ಸೋಮವಾರಪೇಟೆ, ಮಡಿಕೇರಿ ಅಂತ ಅಲೆಯುವುದು ಬೇಡ. ಸುತ್ತಿನ ಕೆಲವು ಊರಿಗೆ ಸೇರಿ ಒಂದು ಪಂಚಾಯಿತಿ ಕೋರ್ಟು ಬರುತ್ತದೆ. ಊರೂರಿನಿಂದ ಒಬ್ಬೊಬ್ಬ ಪಂಚರನ್ನು ಜನರೇ ಆರಿಸಬೇಕು. ಹೆಂಗಸರಿಗೂ ಓಟುಂಟು.

ನಮ್ಮೂರಿನಲ್ಲಿ ಇದನ್ನು ಕೇಳಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಮನೆಯ ಜಗಲಿಯೇ ಮೊದಲಿನಿಂದ ಊರಿನ ಕೋರ್ಟು, ನಮ್ಮ ಮಾವನೇ ನ್ಯಾಯ ಹೇಳುವವರು. ಬೇಲಿ ಸರಿದರೂ, ಎತ್ತು ಪೈರು ಮೇಯ್ದರೂ, ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದರೂ ಜನ ನಮ್ಮ ಜಗಲಿಗೇ ಬರುತ್ತಿದ್ದರು. ಬಂದವರಿಗೆಲ್ಲ ಮಜ್ಜಿಗೆ ಕೊಡುವುದು ಸೊಸೆಯಾದ ನನ್ನ ಕೆಲಸ. ಬಾಗಿಲ ಮರೆಯಲ್ಲಿ ನಿಂತು ನಾನು ಕೇಳದ ಜಗಳವಿಲ್ಲ.

ಮಾವನದು ಒಂದು ವಿಚಿತ್ರ ಪದ್ಧತಿ. ದೂರು ತಂದವನು ತನ್ನ ಮಾತನ್ನು ತಾನು ಹೇಳುವ ಹಾಗಿರಲಿಲ್ಲ. ಎದುರಾಳಿಯ ಮಾತನ್ನು ಇವನು ಹೇಳಬೇಕು, ಇವನ ಮಾತನ್ನು ಎದುರಾಳಿ ಹೇಳಬೇಕು. “ಹೌದು, ನಾನು ಹೇಳಬೇಕು ಅಂತಿದ್ದದ್ದು ಇದೇ” ಎಂದು ಆ ಕಡೆಯವನು ಒಪ್ಪುವ ತನಕ ಬಿಡುತ್ತಿರಲಿಲ್ಲ. ಮೊದಮೊದಲು ಜನ ಹಲ್ಲು ಕಡಿಯುತ್ತಲೇ ಹೇಳುವರು. “ಅವನಂತಾನೆ, ನನ್ನ ಹಸು ಕಳ್ಳ ಹಸು ಅಂತ.” “ಹಾಗಲ್ಲ, ಸರಿಯಾಗಿ ಹೇಳು. ಅವನ ಹೊಟ್ಟೆ ಉರಿ ನಿಂಗೆ ಗೊತ್ತಿಲ್ವಾ?” ಎನ್ನುವರು ಮಾವ. ಹೀಗೆ ಹೇಳುತ್ತ ಹೇಳುತ್ತ ಎಷ್ಟೋ ಜಗಳಗಳು ತೀರ್ಪಿಗೆ ಮೊದಲೇ ಇಳಿದುಹೋಗುತ್ತಿದ್ದವು. ಅವರ ಬಗ್ಗೆ ನನಗಿದ್ದ ಗೌರವ ಆ ಬಾಗಿಲ ಮರೆಯಲ್ಲೇ ಹುಟ್ಟಿದ್ದು.

ಆದರೆ ದೀಪದ ಬುಡ ಕತ್ತಲೆ ಎಂದು ಸುಮ್ಮನೆ ಹೇಳುವುದಿಲ್ಲ. ಪಕ್ಕದ ಮನೆಯಲ್ಲೇ ಚಿಕ್ಕತ್ತೆ ಇದ್ದರು, ಮಾವನ ತಮ್ಮನ ಹೆಂಡತಿ. ಗಂಡ ತೀರಿಕೊಂಡಾಗ ಅವರಿಗೆ ಸಣ್ಣ ವಯಸ್ಸು, ಕಂಕುಳಲ್ಲಿ ಒಂದು ಹೆಣ್ಣು ಕೂಸು. ಆ ಗಂಡ ಉಳುತ್ತಿದ್ದ, ಕೆರೆಯ ಕೆಳಗಿನ ಗದ್ದೆಯನ್ನು “ನಾನು ನೋಡ್ಕೋತೀನಿ” ಎಂದು ಮಾವ ತಮ್ಮ ಕೈಗೆ ತೆಗೆದುಕೊಂಡರು. ಸುಗ್ಗಿಯಾದ ಮೇಲೆ ಚಿಕ್ಕತ್ತೆಯ ಮನೆಗೆ ಅವರೇ ನಿಂತು ಭತ್ತ ಅಳೆಸುತ್ತಿದ್ದರು. ಅಳತೆಯಲ್ಲಿ ಒಂದು ದಿನವೂ ಜುಗ್ಗತನ ಮಾಡಿದವರಲ್ಲ. ಆದರೆ ಮಗಳು ಎದೆಯೆತ್ತರ ಬೆಳೆದರೂ ಗದ್ದೆ ಮಾತ್ರ ಚಿಕ್ಕತ್ತೆಯ ಕೈಗೆ ಹೋಗಲಿಲ್ಲ.

“ಇಸ್ಕಂಡು ತಿನ್ನೋ ಅನ್ನ ಗಂಟ್ಲಲ್ಲಿ ಇಳಿಯಲ್ಲ ಕಣೆ” ಎಂದು ಚಿಕ್ಕತ್ತೆ ನನ್ನ ಹತ್ತಿರ ಹೇಳುತ್ತಿದ್ದರು. “ನಂಗೂ ಕೈಕಾಲು ಗಟ್ಟಿಯಾಗವೆ. ನನ್ನ ಗದ್ದೆಗೆ ನಾನು ಇಳೀಬೇಕು.”

ಒಂದು ಸಲ ಧೈರ್ಯ ಮಾಡಿ ಅವರು ಜಗಲಿಗೂ ಬಂದರು. ಮಾವ ಮಜ್ಜಿಗೆ ಕೊಡಿಸಿದರು, ಮಾತು ಮಾತ್ರ ಎತ್ತಗೊಡಲಿಲ್ಲ. “ಮನೆ ಮಾತು ಮನೇಲಿರ್ಲಿ. ನಿಂಗೇನು ಕಮ್ಮಿ ಮಾಡೀನಿ?” ಎಂದು ಎದ್ದು ಒಳಗೆ ಹೋದರು. ಚಿಕ್ಕತ್ತೆ ಮಜ್ಜಿಗೆಯ ಲೋಟವನ್ನು ಹಾಗೆಯೇ ಇಟ್ಟು ಹೋದರು. ಆ ಲೋಟ ಎತ್ತಿಡುವಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಅತ್ತೆ ಒಲೆಯ ಮುಂದೆ ಕೂತಿದ್ದರು. ಬೆಂಕಿಗೆ ಇನ್ನೊಂದು ಸೌದೆ ತಳ್ಳಿದರು.

ಈಗ ಯೋಚಿಸಿ. ಜಗಲಿಯಲ್ಲಿ ಕೂತವರೇ ಕೋರ್ಟಿನಲ್ಲೂ ಕೂತರೆ ಚಿಕ್ಕತ್ತೆ ಹೇಳಿಕೊಳ್ಳುವುದು ಯಾರ ಹತ್ತಿರ? ಊರಿಗೆಲ್ಲ ಒಂದು ಹೊಸ ಕೋರ್ಟು ಬರುತ್ತಿದ್ದಾಗ ಅವರಿಗಿದ್ದ ಒಂದೇ ಬಾಗಿಲೂ ಮುಚ್ಚಿಹೋಗುತ್ತಿತ್ತು. ಇದು ನನಗೆ ಗೊತ್ತಿತ್ತು, ಚಿಕ್ಕತ್ತೆಗೆ ಗೊತ್ತಿತ್ತು. ಬೇರೆ ಯಾರಿಗೂ ಹೊಳೆದಿಲ್ಲ ಎಂದೇ ನಾನು ತಿಳಿದಿದ್ದೆ.

ಮಾವನ ಎದುರಿಗೆ ನಿಲ್ಲುವವರು ಊರಿನಲ್ಲಿ ಯಾರೂ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಅವರು ಸುಮ್ಮನೆ ಪಂಚರಾಗಿಬಿಡುತ್ತಿದ್ದರು. ಆದರೆ ಅವರಿಗೆ ಒಂದು ಹಟ. “ಎದುರಿಗೆ ಜಟ್ಟಿ ಇಲ್ದೆ ತೊಡೆ ತಟ್ಟಿದ್ರೆ ಜನ ನಗ್ತಾರೆ. ಯಾರಾದ್ರೂ ಒಬ್ರು ನಿಲ್ಲಿ” ಎಂದರು. ಯಾರೂ ಮುಂದೆ ಬಾರದಿದ್ದಾಗ ತಾವೇ ಹೋಗಿ ಒಬ್ಬರನ್ನು ಒಪ್ಪಿಸಿ ಬಂದರು.

ಆ ಮನುಷ್ಯ ಹೊಳೆಯಾಚೆ ಅರಕಲಗೂಡಿನ ಕಡೆಯಿಂದ ಹೆಂಡತಿಯನ್ನೂ ಒಂದು ಜೊತೆ ಎತ್ತುಗಳನ್ನೂ ಕರೆದುಕೊಂಡು ಬಂದು, ಊರ ಅಂಚಿನ ಪಾಳು ಭೂಮಿಯಲ್ಲಿ ಶುಂಠಿ, ರಾಗಿ ಹಾಕಿಕೊಂಡಿದ್ದವರು. ಬಂದು ಬಹಳ ವರ್ಷವಾಗಿದ್ದರೂ ಊರಿಗೆ ಅವರು ‘ಆಚೆಯವರು’. ಮದುವೆ ಮುಂಜಿಗೆ ಕರೆಯುತ್ತಿದ್ದೆವು, ಆದರೆ ಹೆಣ್ಣು ಕೊಟ್ಟು ತಂದ ನಂಟು ಯಾವ ಮನೆಯೊಂದಿಗೂ ಇರಲಿಲ್ಲ. ಮಾತು ಕಡಿಮೆ. ಒಮ್ಮೆ ಅವರ ಎತ್ತಿನದೇ ಒಂದು ವ್ಯಾಜ್ಯ ನಮ್ಮ ಜಗಲಿಗೆ ಬಂದಿತ್ತು. ಆ ದಿನ ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಸೋತು, ನಗುತ್ತ ಎದ್ದುಹೋದ ಮನುಷ್ಯ. “ನೀವು ನಿಲ್ಲಿ ಅಂದ್ರೆ ನಿಲ್ತೀನಿ ಯಜಮಾನ್ರೆ, ನಂಗ್ಯಾರು ಓಟ್ ಹಾಕ್ತಾರೆ?” ಎಂದರಂತೆ. “ಅದಕ್ಕೇ ನಿಲ್ಲು” ಎಂದು ಮಾವ ನಕ್ಕರಂತೆ. ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನು ನಮಗೆಲ್ಲ ಹೇಳಿ ಇನ್ನೊಮ್ಮೆ ನಕ್ಕರು.

ಅಸೆಂಬ್ಲಿ ಎಲೆಕ್ಷನ್ನಿನಲ್ಲಿ ನಾವು ಹೆಂಗಸರು ಓಟು ಹಾಕಿಯೇ ಇದ್ದೆವು. ಆಗ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಚಿತ್ರ. ಚೀಟಿ ಹಾಕಿ ಬಂದರೆ ಮುಗಿಯಿತು. ಇದೂ ಹಾಗೆಯೇ ಎಂದುಕೊಂಡು ಹೊಸ ಸೀರೆ ಉಟ್ಟು, ಹೂ ಮುಡಿದು ಸ್ಕೂಲಿಗೆ ಹೋದರೆ ಅಲ್ಲಿ ಪೆಟ್ಟಿಗೆಯೇ ಇಲ್ಲ. ಕೋಣೆಯ ಮೂಲೆಯಲ್ಲಿ ಬ್ಲಾಕ್‌ಬೋರ್ಡನ್ನು ಅಡ್ಡ ನಿಲ್ಲಿಸಿ, ಅದರ ಹಿಂದೆ ಮಡಿಕೇರಿಯಿಂದ ಬಂದ ಒಬ್ಬ ಎಳೆಯ ಆಫೀಸರು ಕೂತಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ತಮಗೆ ಬೇಕಾದವರ ಹೆಸರನ್ನು ಅವರಿಗೆ ಮೆಲ್ಲಗೆ ಹೇಳಬೇಕು, ಅವರು ಗುರುತು ಹಾಕಿಕೊಳ್ಳುತ್ತಾರೆ. ಓದು ಬಾರದವರಿಗೆ ಇದೇ ಸುಲಭ ಎಂದು ಯಾರೋ ಗಂಡಸರು ಕೂತು ಯೋಚಿಸಿದ್ದು.

ಸಾಲಿನಲ್ಲಿ ಮೊದಲು ನಿಂತಿದ್ದವಳು ಮಾವನ ದಾಯಾದಿಯೊಬ್ಬರ ಹೆಂಡತಿ. ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಮೆಲ್ಲಗೆ ಆಡಬೇಕಾದ ಮಾತು ಅಂಗಳಕ್ಕೆಲ್ಲ ಕೇಳತೊಡಗಿತು.

“ಅವರೇ ಸ್ವಾಮಿ, ನಮ್ಮ ಭಾವನೋರು.”

“ಯಾವ ಭಾವನವರಮ್ಮ? ಹೆಸರು ಹೇಳಬೇಕು.”

“ದೊಡ್ಡಮನೆಯೋರು.”

“ಮನೆ ಬೇಡಮ್ಮ, ಹೆಸರು.”

“ಅಯ್ಯೋ, ಅದನ್ನ ಹ್ಯಾಗೆ ಹೇಳಕಾಯ್ತದೆ? ಅಲ್ಲಿ ಹುಣಸೇಮರದ ಕೆಳಗೆ ಬಿಳೀ ಪೇಟ ಸುತ್ಕಂಡು ಕೂತವ್ರೆ, ನೀವೇ ನೋಡಿ.”

“ಸನ್ನೆ ಮಾಡಿದರೆ ಆಗುವುದಿಲ್ಲ. ಕಾನೂನು. ನೀವೇ ಬಾಯಿಬಿಟ್ಟು ಹೇಳಬೇಕು.”

ನಮ್ಮ ಕಡೆ ಗಂಡನ ಹೆಸರು ಹೇಳುವ ಹಾಗಿಲ್ಲ, ಮಾವನದು ಹೇಳುವ ಹಾಗಿಲ್ಲ, ಭಾವಂದಿರದೂ ಇಲ್ಲ. ಇಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ನಮ್ಮ ಮಾವನ ಹೆಸರು ಊರ ದೇವರ ಹೆಸರು. ಅದೇ ಹೆಸರನ್ನು ಮನೆಮನೆಯಲ್ಲೂ ಯಾರಾದರೊಬ್ಬರಿಗೆ ಇಟ್ಟಿದ್ದರು. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಮಾವ, ಮತ್ತೊಬ್ಬಳಿಗೆ ಭಾವ. ನಂಟಿಲ್ಲದ ಹೆಂಗಸರ ಬಾಯಿಯನ್ನೂ ಆ ಹೆಸರು ಕಟ್ಟಿಹಾಕಿತ್ತು. ಆ ಹೆಸರನ್ನು ಎಗ್ಗಿಲ್ಲದೆ ಕೂಗಬಲ್ಲವರು ಊರಿನ ಹೆಣ್ಣುಮಕ್ಕಳು ಮಾತ್ರ. ಅವರೆಲ್ಲ ಮದುವೆಯಾಗಿ ಬೇರೆ ಊರುಗಳಲ್ಲಿ ಓಟು ಹಾಕುತ್ತಿದ್ದರು!

ಆಚೆಯವರ ಹೆಸರೋ, ಹೊಳೆಯಾಚೆಯ ಯಾವುದೋ ದೇವರದು. ನಮ್ಮಲ್ಲಿ ಯಾರ ಗಂಡನಿಗೂ ಅದಿಲ್ಲ, ಯಾರ ಮಾವನಿಗೂ ಇಲ್ಲ. ಬೆವರು ಒರೆಸಿಕೊಳ್ಳುತ್ತಿದ್ದ ಆ ಆಫೀಸರು “ಬೇಗ ಹೇಳಿಯಮ್ಮ, ಯಾವುದಾದರೂ ಒಂದು ಹೆಸರು” ಎಂದು ಗದರಿದಾಗ ಮೊದಲಿನವಳು ಗಾಬರಿಯಲ್ಲಿ ಬಾಯಿಗೆ ಬರುವ ಹೆಸರನ್ನೇ ಹೇಳಿ ಓಡಿಬಂದಳು. “ಏನೇ ಮಾಡ್ದೆ?” ಎಂದು ಕೇಳಿದರೆ “ಇನ್ನೇನ್ ಮಾಡದು, ಹೇಳಕಾಗೋ ಹೆಸರು ಅದೊಂದೇ ಇದ್ದದ್ದು” ಎಂದಳು. ಹಿಂದಿನವರಿಗೆ ಅದೇ ದಾರಿಯಾಯಿತು. ನನ್ನ ಮುಂದೆ ನಿಂತಿದ್ದ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟು “ಕೋರ್ಟೇನು, ಇವತ್ತು ಬತ್ತದೆ ನಾಳೆ ಹೋಯ್ತದೆ. ಮುತ್ತೈದೆತನ ಮುಖ್ಯ” ಎಂದು ಒಳಗೆ ಹೋಗಿ ಆಚೆಯವರ ಹೆಸರನ್ನೇ ಹೇಳಿಬಂದರು. ಚಿಕ್ಕತ್ತೆ ಹೋದರು, ಬಂದರು. ಅವರು ಏನು ಹೇಳಿದರೆಂದು ನಾನು ಕೇಳಲಿಲ್ಲ.

ನನ್ನ ಸರದಿ ಬಂದಾಗ ನಾನು ತಡವರಿಸಲಿಲ್ಲ. ನಾನು ನಾಲ್ಕಕ್ಷರ ಓದಿದವಳು. ಒಂದು ತುಂಡು ಕಾಗದ ಕೇಳಿ ಮಾವನ ಹೆಸರು ಬರೆದುಕೊಡಬಹುದಿತ್ತು, ಅದು ಆ ಕ್ಷಣದಲ್ಲೂ ಹೊಳೆದಿತ್ತು. ಬೇಡವೆಂದೇ ಆಚೆಯವರ ಹೆಸರು ಹೇಳಿದೆ. ಚಿಕ್ಕತ್ತೆ ಕುಡಿಯದೆ ಬಿಟ್ಟ ಆ ಮಜ್ಜಿಗೆಯ ಲೋಟ ನನ್ನ ಕಣ್ಣ ಮುಂದಿತ್ತು. ಅದಕ್ಕಾಗಿ ನಾನು ಅಂದೂ ನೊಂದಿಲ್ಲ, ಇಂದೂ ನೊಂದಿಲ್ಲ. ಬೇಕೆಂದು ಹಾಗೆ ಮಾಡಿದವಳು ನಾನೊಬ್ಬಳೇ ಎಂದು ಒಳಗೊಳಗೆ ಒಂದಿಷ್ಟು ಜಂಬವೂ ಇತ್ತು.

ಎಲ್ಲರ ಕೊನೆಗೆ ಅತ್ತೆ ಒಳಗೆ ಹೋದರು. ಹೋದಷ್ಟೇ ಬೇಗ ಹೊರಗೆ ಬಂದು ಸೆರಗು ಸರಿಮಾಡಿಕೊಂಡರು. ಹುಣಸೇಮರದ ಕೆಳಗಿದ್ದ ಮಾವನತ್ತ ತಿರುಗಿಯೂ ನೋಡಲಿಲ್ಲ.

ಸಂಜೆ ಆಫೀಸರು ಲೆಕ್ಕ ಓದಿದಾಗ ಗಂಡಸರೆಲ್ಲ ಕಕ್ಕಾಬಿಕ್ಕಿ. ಮಾವ ಗೆದ್ದಂತೆಯೇ ಎಂದುಕೊಂಡು ಎಷ್ಟೋ ಗಂಡಸರು ಓಟಿಗೇ ಬಂದಿರಲಿಲ್ಲ; ಆಚೆಯವರು ಗೆದ್ದಿದ್ದರು. ಎಲ್ಲರಿಗಿಂತ ಹೆಚ್ಚು ಹೆದರಿದವರು ಅವರೇ. “ಇದೆಲ್ಲೋ ತಪ್ಪಾಗದೆ, ಇನ್ನೊಂದ್ಸಲ ಎಣಿಸಿ ಸ್ವಾಮಿ” ಎಂದು ಆಫೀಸರಿಗೆ ಕೈಮುಗಿದರು. ಆಮೇಲೆ ಗೊತ್ತಾದ ಇನ್ನೊಂದು ತಮಾಷೆ: ಇಡೀ ಊರಿನಲ್ಲಿ ಅವರ ಹೆಸರು ಹೇಳಲಾಗದ ಹೆಂಗಸು ಒಬ್ಬಳೇ, ಅವರ ಹೆಂಡತಿ. ಪಾಪ, ಆಕೆ ನಮ್ಮ ಮಾವನ ಹೆಸರು ಹೇಳಿ ಬಂದಿದ್ದಳು.

ಮಾವ ಮನೆಗೆ ಬಂದು ಪೇಟ ಬಿಚ್ಚಿ ಗೂಟಕ್ಕೆ ಹಾಕಿ, ಅತ್ತೆಯನ್ನು ಕೇಳಿದರು: “ನೀನೂನಾ?”

“ಬಾಯಿಗೆ ಬರ್ಲಿಲ್ಲ” ಎಂದರು ಅತ್ತೆ.

ಹೆಸರು ಹೇಳದಿದ್ದುದಕ್ಕೆ ಹೆಂಡತಿಯನ್ನು ಬೈಯುವ ಗಂಡ ನಮ್ಮ ಕಡೆ ಇನ್ನೂ ಹುಟ್ಟಿರಲಿಲ್ಲ. ಆದರೆ ಅವರಿಗೆ ಬಹಳ ನೋವಾಗಿತ್ತು. ಮುಂದೆ ಎಷ್ಟೋ ದಿನ ಅವರು ಜಗಲಿಯ ಮೇಲೆ ಕೂರಲಿಲ್ಲ. ಬಂದವರನ್ನು “ನೀವೇ ಆರ್ಸಿದೀರಲ್ಲ, ಅಲ್ಲಿಗೇ ಹೋಗಿ” ಎಂದು ಕಳಿಸಿಬಿಡುತ್ತಿದ್ದರು. ಕಡೆಯುವ ಮಜ್ಜಿಗೆ ಮನೆಯವರಿಗೇ ಹೆಚ್ಚಾಗುತ್ತಿತ್ತು. ಅವರನ್ನು ನೋಡಿ ನನಗೆ ಅಯ್ಯೋ ಎನಿಸುತ್ತಿತ್ತು, ಅದು ನಿಜ.

ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಇನ್ನೊಂದು ಯೋಚನೆ ಸುತ್ತುತ್ತಿತ್ತು. ನ್ಯಾಯ ಹೇಳುವವನು ಹೇಗಿರಬೇಕು? ಯಾರಿಗೂ ಭಾವನಲ್ಲ, ಯಾರಿಗೂ ಮಾವನಲ್ಲ, ಯಾರ ದಾಯಾದಿಯೂ ಅಲ್ಲ, ಹಾಗಿರಬೇಕು. ನಮ್ಮೂರಿನಲ್ಲಿ ಅಂಥವರು ಇದ್ದದ್ದು ಒಬ್ಬರೇ. ಅವರನ್ನು ಹುಡುಕಿ ಆರಿಸುವ ಬುದ್ಧಿ ನಮಗ್ಯಾರಿಗೂ ಇರಲಿಲ್ಲ. ನಮ್ಮ ಮಡಿ, ನಮ್ಮ ಹೆದರಿಕೆ, ನಮ್ಮ ಮುತ್ತೈದೆತನದ ನಂಬಿಕೆ ಸೇರಿ ಕಣ್ಣುಮುಚ್ಚಿ ಅವರನ್ನೇ ಮುಟ್ಟಿದ್ದವು. ಮೂಢನಂಬಿಕೆ ಎಂದು ಯಾರಾದರೂ ಹೀಗಳೆದರೆ ಈಗಲೂ ನಾನು ಬೇಗ ತಲೆಯಾಡಿಸುವುದಿಲ್ಲ.

ಮಳೆ ಹಿಡಿದ ಮೇಲೆ ಚಿಕ್ಕತ್ತೆ ಯಾರಿಗೂ ಹೇಳದೆ ಕೆರೆಯ ಕೆಳಗಿನ ಗದ್ದೆಯ ಒಂದು ಮೂಲೆಯಲ್ಲಿ ಸಸಿಮಡಿ ಮಾಡಿ ಭತ್ತ ಚೆಲ್ಲಿದರು. ಹಸಿರು ಚಿಗುರು ಎದ್ದಿತ್ತು. ಮಾವ ನೋಡಿದವರೇ “ಉಳ್ರೋ ಅದನ್ನ” ಎಂದರು. ಅಪ್ಪನ ಮಾತಿಗೆ ಎದುರಾಡದೆ ನೇಗಿಲು ಹಿಡಿದವರು ನನ್ನ ಗಂಡ. ಆ ದಿನ ಅವರಿಗೆ ಊಟ ಬಡಿಸುವಾಗ ನಾನು ತಟ್ಟೆ ಕುಕ್ಕಿದ್ದು ನೆನಪಿದೆ. ಚಿಕ್ಕತ್ತೆ ಅಳಲಿಲ್ಲ, ಕೂಗಾಡಲಿಲ್ಲ. ತಲೆಗೆ ಎಲೆ ಹೆಣೆದ ಗೊರಬೆ ಹಾಕಿಕೊಂಡು ಮಳೆಯಲ್ಲಿ ಊರ ಅಂಚಿಗೆ ನಡೆದುಹೋಗಿ ಆಚೆಯವರಿಗೆ ದೂರು ಕೊಟ್ಟು ಬಂದರು.

ಕೋರ್ಟು ಕೂತದ್ದು ಅದೇ ಸ್ಕೂಲಿನಲ್ಲಿ. ಬೇರೆ ಊರಿನ ಪಂಚರೂ ಬಂದಿದ್ದರು. ಗಂಡಸರು ಒಳಗೆ, ನಾವು ಹೆಂಗಸರು ಕಿಟಕಿಯ ಹೊರಗೆ, ಸೂರಿನ ನೀರು ಬೆನ್ನಿಗೆ ಬೀಳುತ್ತಿತ್ತು. ಅತ್ತೆಯೂ ಬಂದು ನನ್ನ ಪಕ್ಕದಲ್ಲಿ ನಿಂತರು. ಬೇರೆ ಊರಿನ ಪಂಚರೊಬ್ಬರು ಗಂಟಲು ಸರಿಮಾಡಿಕೊಂಡು, ಸಸಿ ಹಾಳಾದದ್ದಕ್ಕೆ ಪರಿಹಾರ ಎಷ್ಟಾಗಬಹುದು ಎಂದು ಶುರುಮಾಡಿದರು. ಆಚೆಯವರು ಅವರನ್ನು ತಡೆದು, ಮಾವನ ಕಡೆ ತಿರುಗಿ ಕೈಮುಗಿದರು.

“ಯಜಮಾನ್ರೆ, ನಂಗೆ ಕಾನೂನು ಗೊತ್ತಿಲ್ಲ. ನಂಗೆ ಗೊತ್ತಿರೋದು ನಿಮ್ಮ ಜಗಲಿ ಒಂದೇ. ಅಲ್ಲಿ ಹ್ಯಾಗೆ ಮಾಡ್ತಿದ್ರೋ ಹಾಗೇ ಮಾಡಾಣ. ಈ ಅಮ್ಮನ ಮಾತು ನೀವೇ ಹೇಳ್ಬೇಕು.”

ಮಾವನ ಮುಖ ಕೆಂಪಾಯಿತು. ಎದ್ದುಹೋಗುತ್ತಾರೆ ಎಂದೇ ನಾನು ತಿಳಿದೆ. ಆದರೆ ತಾವೇ ಹಾಕಿಕೊಟ್ಟ ಕಟ್ಟಳೆ. ಅದನ್ನು ಮುರಿದು ಎದ್ದರೆ ಇಷ್ಟು ವರ್ಷ ಜಗಲಿಯಲ್ಲಿ ಆಡಿದ್ದೆಲ್ಲ ಆಟವೆಂದಾಗುತ್ತಿತ್ತು. ನೆಲ ನೋಡುತ್ತ ಶುರುಮಾಡಿದರು.

“ಅವಳು ಹೇಳೋದು... ಗದ್ದೆ ನನ್ನ ಗಂಡಂದು ಅಂತ. ಬದ ಕಡಿದದ್ದು ಅವನು, ಕಲ್ಲು ಆರಿಸಿದ್ದು ಅವನು. ಬುತ್ತಿ ತಗಂಡು ಹೋಯ್ತಿದ್ದದ್ದು ನಾನು ಅಂತಾಳೆ.” ಮತ್ತೆ ಅವರೇ ಮುಂದುವರಿಸಿದರು: “ಅವನು ಹೋದಾಗ ಮಗ ತೊಡೇ ಮ್ಯಾಲಿತ್ತು. ಭಾವ ನೋಡ್ಕೋತೀನಿ ಅಂದ್ರು. ನೋಡ್ಕೋತೀನಿ ಅಂದ್ರು, ಇಟ್ಕೋತೀನಿ ಅನ್ಲಿಲ್ಲ...”

ಅಲ್ಲಿಗೆ ನಿಲ್ಲಿಸಿದರು. ನಮ್ಮ ಕಡೆ ಹೆಣ್ಣು ಕೂಸನ್ನೂ ಮುದ್ದಿಗೆ ಮಗ ಎನ್ನುವುದುಂಟು. ಆ ಮಾತು ಅವರ ಬಾಯಿಂದಲೇ ಬಂದಿತ್ತು.

ಆಚೆಯವರು ಚಿಕ್ಕತ್ತೆಯನ್ನು ಕೇಳಿದರು: “ನಿಮ್ಮ ಮಾತು ಇದೇನಾ ತಾಯಿ?”

“ನಂಗೂ ಇಷ್ಟು ಚೆನ್ನಾಗಿ ಹೇಳಕೆ ಬತ್ತಿರ್ಲಿಲ್ಲ” ಎಂದರು ಚಿಕ್ಕತ್ತೆ.

ಮಾವನ ಮಾತನ್ನು ಚಿಕ್ಕತ್ತೆ ಹೇಳುವ ಸರದಿ ಬರಲೇ ಇಲ್ಲ. ಮಾವ ಎದ್ದು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, “ಗದ್ದೆ ಬಿಟ್ಕೊಡ್ತೀನಿ. ಈ ವರ್ಷದ ಸಸಿ ನಮ್ಮನೇದೇ ತಗಂಡು ನೆಟ್ಕೊಳ್ಳಿ” ಎಂದು ಯಾರ ಮುಖವನ್ನೂ ನೋಡದೆ ಹೊರಟರು. ಕಿಟಕಿಯ ಹೊರಗೆ ಅತ್ತೆ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಿದ್ದರು. ಯಾವಾಗ ಹಿಡಿದರೋ ನನಗೆ ತಿಳಿದಿರಲಿಲ್ಲ.

ಆ ವರ್ಷ ಚಿಕ್ಕತ್ತೆ ಗದ್ದೆಗೆ ಇಳಿದರು. ಫಸಲು ಮನೆಗೆ ಬಂದ ಮೇಲೆ ಅವರ ಮಗಳ ಮದುವೆಯಾಯಿತು, ಆ ಗದ್ದೆಯ ಅಕ್ಕಿಯಲ್ಲೇ ಊಟ. ಮಾವನೇ ಮುಂದೆ ನಿಂತು ಧಾರೆ ಎರೆದುಕೊಟ್ಟರು. ಅಷ್ಟು ಹೊತ್ತಿಗೆ ಅವರು ಮತ್ತೆ ಜಗಲಿಯ ಮೇಲೆ ಕೂರತೊಡಗಿದ್ದರು. ಬಿಡುವಾದಾಗ ಆಚೆಯವರೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು.

ಮದುವೆಯಲ್ಲಿ ಹೆಸರು ಹೇಳಿಸುವ ಶಾಸ್ತ್ರ ಒಂದುಂಟು. ವರ್ಷವಿಡೀ ಹೇಳಬಾರದ ಹೆಸರನ್ನು ಅಲ್ಲಿ ಹಾಡಿನಂಥ ಎರಡು ಸಾಲು ಕಟ್ಟಿ ಅದರ ಕೊನೆಗೆ ಸೇರಿಸಿ ಹೇಳಬಹುದು. ಮದುಮಗಳಿಂದ ಹೇಳಿಸಿ ಆದ ಮೇಲೆ ಹುಡುಗಿಯರು ಅತ್ತೆಗೆ ಗಂಟುಬಿದ್ದರು. ನಾಚಿಕೊಂಡು ತಪ್ಪಿಸಿಕೊಳ್ಳುತ್ತಾರೆ ಎಂದುಕೊಂಡೆ. ಅತ್ತೆ ನಿಂತಲ್ಲೇ ಸೆರಗು ಹೊದ್ದು, ಚಪ್ಪರದ ಆ ತುದಿಗೂ ಕೇಳುವ ಹಾಗೆ ಹೇಳಿದರು:

“ಕೆರೆ ತುಂಬಿ ಕೋಡಿ ಬಿತ್ತು, ಗದ್ದೇಲಿ ತೆನೆ ಬಾಗ್ತು,
ನ್ಯಾಯಕ್ಕೆ ತಲೆ ಬಾಗ್ದೋರು ನಮ್ಮ ಯಜಮಾನ್ರು...”

ಅದರ ಹಿಂದೆಯೇ ಹೆಸರು, ಪೂರ್ತಿ, ಒಂದಕ್ಷರ ನುಂಗದೆ. ಹುಡುಗಿಯರು ಕೈತಟ್ಟಿ ಕೂಗಿದರು. ನಾನು ಮಾತ್ರ ಬಾಯಿ ಬಿಟ್ಟುಕೊಂಡು ಅತ್ತೆಯನ್ನೇ ನೋಡುತ್ತಿದ್ದೆ. ಬ್ಲಾಕ್‌ಬೋರ್ಡಿನ ಹಿಂದೆಯೂ ಹೀಗೇ ಎರಡು ಸಾಲು ಕಟ್ಟಿದ್ದರೆ ಆಗಿಹೋಗುತ್ತಿತ್ತು. ಇಷ್ಟು ಚೆಂದ ಕಟ್ಟಬಲ್ಲ ಹೆಂಗಸಿಗೆ ಆ ದಿನ ಅದು ಹೊಳೆಯಲಿಲ್ಲವೆಂದರೆ ಯಾರು ನಂಬುತ್ತಾರೆ? ನನ್ನ ಜಂಬ ಅಲ್ಲಿಗೆ ಇಳಿಯಿತು.

ಚಪ್ಪರದ ಆ ತುದಿಯಲ್ಲಿ ಎಲೆ ಹಾಕಿಸುತ್ತಿದ್ದ ಮಾವನಿಗೂ ಅದು ಕೇಳಿತ್ತು. ಊಟ ಮುಗಿಸಿ ಮನೆಯತ್ತ ನಡೆಯುವಾಗ ಮುಂದೆ ಮಾವ, ಅವರ ಹಿಂದೆ ಅತ್ತೆ, ಕೊನೆಯಲ್ಲಿ ನಾನು. ಅವರು ತಿರುಗದೆಯೇ ಕೇಳಿದರು:

“ಅವತ್ತು ಸ್ಕೂಲಲ್ಲಿ ಬಾಯಿಗೆ ಬರ್ಲಿಲ್ಲ ಅಂದಿದ್ದೆ.”

“ಅವತ್ತು ಬರ್ಲಿಲ್ಲ” ಎಂದರು ಅತ್ತೆ. “ಇವತ್ತು ಬಂತು.”

ಮಾವ ನಾಲ್ಕು ಹೆಜ್ಜೆ ಹಾಗೆಯೇ ನಡೆದರು. ಆಮೇಲೆ ನಿಂತು, ಅತ್ತೆಯ ಕಂಕುಳಲ್ಲಿದ್ದ ಮದುವೆಮನೆಯ ಬುಟ್ಟಿಯನ್ನು ಇಸಿದುಕೊಂಡು, ತಮ್ಮ ಹೆಗಲ ಮೇಲಿಟ್ಟುಕೊಂಡು ಮುಂದೆ ಹೋದರು.